ಅಣ್ಣನ ಮೋನೋ ರೆಕಾರ್ಡುಗಳು

ಆ ಭಾನುವಾರ ನಾನು ಎಂದಿನಂತೆ ಕುಂದಾಪುರದಿಂದ ಬಸ್ಸು ಹಿಡಿದು ಬ್ರಹ್ಮಾವರದ ಅಣ್ಣನ ಮನೆಗೆ ಹೋಗಿದ್ದೆ. ಬಂಗುಡೆ ಸಾರಿನ ಊಟವಾಯಿತು. ಅತ್ತಿಗೆ ಟಿವಿ ಮುಂದೆ ಕುಳಿತರು, ಅಣ್ಣ ಒಳಕೋಣೆಯಲ್ಲಿ ರೆಕಾರ್ಡ್ ಪ್ಲೇಯರಿನ ಮುಚ್ಚಳ ತೆಗೆದ. ಅರವತ್ತರ ದಶಕದ ಇಂಗ್ಲಿಷ್ ರಾಕ್ ಹಾಡೆಂದರೆ ಅವನಿಗೆ ಹುಚ್ಚು. ಬೊಂಬಾಯಿಯಲ್ಲಿ ಹೋಟೆಲ್ ಕೆಲಸಕ್ಕಿದ್ದಾಗ ಫುಟ್‌ಪಾತಿನಲ್ಲಿ ಹುಡುಕಿ ಕೊಂಡ ರೆಕಾರ್ಡುಗಳು. ಅವುಗಳಲ್ಲಿ ಏಳು ಆಲ್ಬಮ್ ಎರಡೆರಡು ಇದ್ದವು: ಒಂದು ಮೋನೋ, ಒಂದು ಸ್ಟೀರಿಯೋ.

ಅದೇ ಬೊಂಬಾಯಿಯಲ್ಲಿ ಕಿವಿ ಸೋರಿ ಸೋರಿ ಅವನ ಎಡಗಿವಿ ಪೂರ್ತಿ ಹೋಗಿತ್ತು. ಆ ಕಾಲದ ಸ್ಟೀರಿಯೋದಲ್ಲಿ ಎಷ್ಟೋ ಸಲ ಹಾಡುವವರ ದನಿಯನ್ನು ಒಂದು ಬದಿಗೆ, ಡ್ರಮ್ಮು ಗಿಟಾರುಗಳನ್ನು ಇನ್ನೊಂದು ಬದಿಗೆ ತಳ್ಳಿಬಿಡುತ್ತಿದ್ದರು. ದನಿ ಎಡಕ್ಕಿದ್ದರೆ ಹೆಡ್‌ಫೋನಿನಲ್ಲಿ ಅಣ್ಣನಿಗೆ ಬರೀ ಡ್ರಮ್ಮು. ಆಗ ಹೆಡ್‌ಫೋನನ್ನು ಅಗಲಿಸಿ ಎಡಗಡೆಯದನ್ನು ನನ್ನ ಕಿವಿಗೆ ಒತ್ತುತ್ತಿದ್ದ.

"ಈಗ ಎಂತ ಬತ್ತಾ ಇತ್ತ್?"

"ಇಬ್ರ್ ಹಾಡ್ತಾ ಇದ್ರ್. ಒಬ್ಬ ಕೆಮ್ದ."

"ಸುಳ್ಳ್ ಹೇಳ್ಬೇಡ. ಮೋನೋದಲ್ ಕೆಮ್ಮೇ ಇಲ್ಲ!"

ಕೂಡಲೇ ಮೋನೋ ಹಾಕಿ ನೋಡಬೇಕು. ಮೋನೋದಲ್ಲಿ ಎಲ್ಲ ಒಟ್ಟಿಗೆ ಇರುತ್ತದೆ, ಒಂದು ಕಿವಿ ಸಾಕು. ಆ ದಿನವೂ ಮೋನೋ ಹಾಕಿ, ಕಣ್ಣು ಮುಚ್ಚಿ ಕುಳಿತ. "ಇನ್ನ್ ನೀ ಬೇಡ. ಹೋಯಿ ಚಾ ಮಾಡ್."

ಸೋಮವಾರ ಬೆಳಿಗ್ಗೆ ಹಾಲು ತರಲು ಹೊರಟವನು ಗೇಟಿನ ಹತ್ತಿರ ಬಿದ್ದ. ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಇರಲಿಲ್ಲ.

ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಮೊದಲು ಮನೆ ಖಾಲಿ ಮಾಡಿ ತೊಳೆಯಬೇಕಲ್ಲ, ಬೈಂದೂರಿನಿಂದ ಅತ್ತಿಗೆಯ ಅಣ್ಣ, ನನಗೆ ಭಾವ, ಬಂದಿದ್ದರು. ನಮ್ಮಲ್ಲಿ ಸಾವಿನ ಮನೆಯ ಕೆಲಸ ಮೈಮೇಲೆ ಹಾಕಿಕೊಂಡವರಿಗೆ ಯಾರೂ ಎದುರು ಹೇಳುವುದಿಲ್ಲ. ಚಪ್ಪರಕ್ಕೂ ಹ್ಞೂಂ, ಅಡುಗೆಯವರಿಗೂ ಹ್ಞೂಂ. ನಾನು ಕಾಯಿ ತುರಿಯುತ್ತಿದ್ದಾಗ ಭಾವ ಅಡುಗೆಮನೆಗೆ ತಲೆ ಹಾಕಿದರು.

"ಹ್ವಾಯ್, ಆ ರೆಕಾರ್ಡ್ ಕೆಲವ್ ಎರಡೆರಡ್ ಇತ್ತಲೆ. ಒಂದೊಂದ್ ನಾ ತಕಂಡ್ ಹೋತೆ, ಆತಾ?"

ಅದಕ್ಕೂ ನಾನು ಹ್ಞೂಂ ಎಂದೆ. ತಲೆ ಕೂಡ ಎತ್ತಲಿಲ್ಲ.

ಬೊಜ್ಜ ಮುಗಿದ ಮೇಲೆ ಅತ್ತಿಗೆ ಪ್ಲೇಯರನ್ನೂ ಉಳಿದ ರೆಕಾರ್ಡುಗಳನ್ನೂ ನನಗೆ ಕೊಟ್ಟರು. ಮನೆಗೆ ತಂದು ನೋಡಿದರೆ ಎರಡೆರಡಿದ್ದ ಏಳೂ ಸ್ಟೀರಿಯೋ. ಮೋನೋ ವಾಪಸು ಕೇಳಲು ಮರುದಿನವೇ ಬೈಂದೂರಿಗೆ ಹೋದೆ. ಭಾವ ಖುಷಿಯಲ್ಲೇ ನನ್ನನ್ನು ತಮ್ಮ ಸ್ನೇಹಿತನ ರೆಸಾರ್ಟಿಗೆ ಕರೆದುಕೊಂಡು ಹೋದರು. ಕೌಂಟರಿನ ಹಿಂದಿನ ಗೋಡೆಗೆ ಏಳು ಕಪ್ಪು ರೆಕಾರ್ಡುಗಳನ್ನು ಹೂವಿನ ಆಕಾರದಲ್ಲಿ ಅಂಟಿಸಿದ್ದರು. ಮೇಲೆ ಬಂಗಾರದ ಬಣ್ಣದ ಗೆರೆ ಬೇರೆ.

"ಕಾಣಿ, ಎಷ್ಟ್ ಲಾಯ್ಕ್ ಕಾಂತ್!"

ಒಂದರ ಅಂಚಿಗೆ ಉಗುರು ಹಾಕಿ ಎಳೆದೆ. ಚೂರು ಮುರಿದು ಕೈಗೆ ಬಂತು.

"ಎಂತ ಮಾಡ್ತ್ರಿ ಮಾರಾಯ್ರೆ? ಒಳ್ಳೇದನ್ನೇ ನಾ ನಿಮ್ಗ್ ಬಿಟ್ಟಿದೆ. ಸ್ಟೀರಿಯೋ ಅಂದ್ರೆ ಎರಡ್ ಬದಿಯಿಂದ್ಲೂ ಕೇಂತಲ್ದಾ?"

"ನನ್ನಣ್ಣಂಗೆ ಇದ್ದದ್ದೇ ಒಂದ್ ಬದಿ!" ಎಂದು ಕೂಗಿದೆ. ನಾನು ಜನ್ಮದಲ್ಲಿ ಹಾಗೆ ಕೂಗಿದವಳಲ್ಲ. ಚಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಭಾವ ಸಣ್ಣ ಮುಖ ಮಾಡಿಕೊಂಡು, "ನೀವೇ ಹ್ಞೂಂ ಅಂದ್ರಿ" ಎಂದರು.

ಅವರು ಕದ್ದಿದ್ದರೆ ಚೆನ್ನಾಗಿತ್ತು. ಬೈದು ಸಿಟ್ಟು ತೀರಿಸಿಕೊಳ್ಳಬಹುದಿತ್ತು. ಅವರು ಕೇಳಿದ್ದರು, ಒಳ್ಳೆಯದೆಂದು ಕಂಡದ್ದನ್ನು ನಮಗೇ ಉಳಿಸಿದ್ದರು. ಅದಕ್ಕೇ ಅವರ ಮುಖ ಕಂಡರೆ ಇಂದಿಗೂ ಮೈ ಉರಿಯುತ್ತದೆ. ಬಾಯಿ ಬಿಡದ ನನ್ನ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟು. ಎಷ್ಟೋ ವರ್ಷ ಎಡಗಡೆಯದನ್ನು ಕೇಳಿ ಕೇಳಿ ಹೇಳಿದೆ. ಮೋನೋದಲ್ಲಿ ಅಣ್ಣ ಒಬ್ಬನೇ ಪೂರ್ತಿ ಕೇಳುತ್ತಿದ್ದದ್ದು ಹೇಗಿರುತ್ತದೆ ಎಂದು ಒಂದು ದಿನವೂ ಕೂತು ಕೇಳಲಿಲ್ಲ.

ಈಗ ಸ್ಟೀರಿಯೋ ಏಳೂ ನನ್ನ ಮನೆಯಲ್ಲಿವೆ. ಮೋನೋ ಒಂದೂ ಇಲ್ಲ.