ಪಾಠದಲ್ಲಿ ಇಲ್ಲದ ‘ಆಯ್ತಾ?’

ಹತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂರಬೇಕು. ಅಷ್ಟೇ ಅಸೈನ್‌ಮೆಂಟು. ಅದರಲ್ಲಿ ನಾನು ಫೇಲಾದೆ.

ನಗಬೇಡಿ. ಇಪ್ಪತ್ಮೂರು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವಳಿಗೆ ಬಾಯಿ ಮುಚ್ಚು ಅನ್ನುವುದು ಸಣ್ಣ ಶಿಕ್ಷೆಯಲ್ಲ. ಪ್ರತಿ ವಾರ ಈ ಅಂಕಣ ಓದುವ ನಿಮಗಂತೂ ನನ್ನ ಬಾಯಿಯ ಪರಿಚಯ ಚೆನ್ನಾಗಿಯೇ ಇದೆ. (ನಮ್ಮ ಮನೆಯವರು ಈ ಸಾಲು ಓದಿ ಜೋರಾಗಿ ತಲೆ ಆಡಿಸುತ್ತಾರೆ. ಗೊತ್ತು.)

ವಿಷಯ ಏನೆಂದರೆ, ನಲವತ್ತಾರನೇ ವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾಗಿದ್ದೇನೆ. ಆನ್‌ಲೈನ್ ಎಂ.ಎ. ಮಕ್ಕಳಿಗೆ ಓದು ಕಲಿಸುವುದು ಹೇಗೆ ಎನ್ನುವುದರ ಬಗ್ಗೆಯೇ ಎರಡು ವರ್ಷದ ಕೋರ್ಸು. ವರ್ಷಗಟ್ಟಲೆ ಪಾಠ ಮಾಡಿದ ಅನುಭವ ಇರುವ ಟೀಚರುಗಳಿಗೆ ಮಾತ್ರ ಪ್ರವೇಶ. ಸೇರುತ್ತೇನೆ ಅಂದಾಗ ನಮ್ಮ ಹೆಡ್‌ಮಾಸ್ಟರು ಟೀ ಲೋಟ ಕೆಳಗಿಟ್ಟು ಕೇಳಿದರು, “ಹಂಗಾದ್ರೆ ಇಷ್ಟ್ ವರ್ಷ ಏನ್ ಕಲ್ಸಿದ್ರಿ ಮೇಡಂ?”

ತಮಾಷೆಗೇ ಕೇಳಿದ್ದು. ನಾನೂ ನಕ್ಕೆ. ಪ್ರಶ್ನೆ ಮಾತ್ರ ಅಲ್ಲೇ ಕೂತುಬಿಟ್ಟಿತು.

ಈ ಎಂ.ಎ. ಆಸೆ ಇವತ್ತಿನದಲ್ಲ. ಇಪ್ಪತ್ತೆರಡರಲ್ಲಿ ಮೈಸೂರಿಗೆ ಹೋಗಿ ಓದಬೇಕೆಂದು ಹಾಸ್ಟೆಲ್ಲಿನ ಅರ್ಜಿಯನ್ನೂ ತುಂಬಿಟ್ಟಿದ್ದೆ. ಅಷ್ಟರಲ್ಲಿ ಕೆಲಸದ ಆರ್ಡರ್ ಬಂತು. ಬಂದ ಸರ್ಕಾರಿ ಕೆಲಸ ಬಿಟ್ಟು ಯಾರಾದರೂ ಓದಲು ಹೋಗುತ್ತಾರೆಯೇ? ಚಾಮರಾಜನಗರದಲ್ಲಿ ನಮ್ಮ ಮನೆಗೆ ಮೈಸೂರು ರೈಲಿನ ಕೂಗು ಕೇಳಿಸುತ್ತದೆ. ಬೆಳಗ್ಗೆ ಡಬ್ಬಿಗೆ ಚಿತ್ರಾನ್ನ ತುಂಬುವಾಗ ಆ ಕೂಗು ಕೇಳಿದರೆ ಇವತ್ತಿಗೂ ಕೈ ಒಂದು ಗಳಿಗೆ ನಿಲ್ಲುತ್ತದೆ. ನಾನು ಹತ್ತಬೇಕಾಗಿದ್ದ ರೈಲು ಅದು.

ಈಗ ನನ್ನ ಯೂನಿವರ್ಸಿಟಿ ಗುಂಡ್ಲುಪೇಟೆ ಬಸ್ಸು. ಶಾಲೆ ಇರುವುದು ಗುಂಡ್ಲುಪೇಟೆಯಿಂದ ಆಚೆ, ಕೇರಳದ ದಾರಿಯ ಮದ್ದೂರು ಕಡೆಯ ಒಂದು ಹಳ್ಳಿಯಲ್ಲಿ. ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿ ಸೀಟಿನಲ್ಲಿ ಕೂತರೆ ತೆರಕಣಾಂಬಿ ಬರುವಷ್ಟರಲ್ಲಿ ಅರ್ಧ ಲೆಕ್ಚರ್ ಮುಗಿಯುತ್ತದೆ. ಗೋಪಾಲಸ್ವಾಮಿ ಬೆಟ್ಟ ಮಂಜಿನಿಂದ ಹೊರಗೆ ಬರುವ ಹೊತ್ತಿಗೆ ಇನ್ನರ್ಧ. ಗುಂಡ್ಲುಪೇಟೆಯಲ್ಲಿ ಇನ್ನೊಂದು ಬಸ್ಸು ಹಿಡಿದು ಕಾಡಿನ ಕಡೆ ತಿರುಗಿದರೆ ನೆಟ್‌ವರ್ಕೂ ಇಲ್ಲ, ಲೆಕ್ಚರರೂ ಇಲ್ಲ. ಅಲ್ಲಿಂದ ಮುಂದೆ ನಾನೇ ಟೀಚರು.

ಈಗ ಆ ಅಸೈನ್‌ಮೆಂಟಿಗೆ ಬರೋಣ. ಒಂದು ಮಗುವಿನ ಪಕ್ಕ ಕೂರಿ. ಅದು ಗಟ್ಟಿಯಾಗಿ ಓದಲಿ. ಹತ್ತು ನಿಮಿಷ ಕೇಳಿಸಿಕೊಳ್ಳಿ. ತಿದ್ದಬೇಡಿ, ಹೇಳಿಕೊಡಬೇಡಿ, ಹೂಂಗುಟ್ಟಲೂ ಬೇಡಿ. ರೆಕಾರ್ಡ್ ಮಾಡಿ ಕಳಿಸಿ.

ಮೂರನೇ ಕ್ಲಾಸಿನ ಒಂದು ಮಗುವನ್ನು ಕೂರಿಸಿಕೊಂಡು ಮಾಡಿದೆ, ಕಳಿಸಿದೆ. ಎರಡೇ ದಿನದಲ್ಲಿ ವಾಪಸ್ ಬಂತು. ನಮ್ಮ ಲೆಕ್ಚರರ್ ನನಗಿಂತ ಹದಿನೈದು ವರ್ಷ ಚಿಕ್ಕವಳು, ಬಹಳ ಮರ್ಯಾದಸ್ಥೆ. ಮರ್ಯಾದೆಯಿಂದಲೇ ಬರೆದಿದ್ದಳು: ‘ಓದಿದ್ದು ಯಾರು ಮೇಡಂ? ಮಗುವೋ, ನೀವೋ?’

ಹಾಕಿ ಕೇಳಿದೆ. ಹೌದು. “ಹ್ಞಾ… ಸರಿಯಾಗಿ ನೋಡು… ಒತ್ತು ಎಲ್ಲಿ ಹೋಯ್ತು… ಬಾಯಿ ಬಿಟ್ಟು ಹೇಳು…” ಪೂರ್ತಿ ನಾನೇ. ಮಗು ಪಾಪ ನನ್ನ ಮಾತಿನ ಸಂದಿಯಲ್ಲಿ ನಾಲ್ಕು ಪದ ನುಗ್ಗಿಸಿತ್ತು.

ಎರಡನೇ ಸಲ ನಾನೂ ಬುದ್ಧಿ ಓಡಿಸಿದೆ. ತಿದ್ದುವ ಅಗತ್ಯವೇ ಇಲ್ಲದ ಮಗುವನ್ನು ಆರಿಸಿಕೊಂಡರೆ ಆಯಿತಲ್ಲ? ನಾಲ್ಕನೇ ಕ್ಲಾಸಿನ ಸಿಂಚನಾ. ನಮ್ಮ ಶಾಲೆಗೆ ಯಾರೇ ಸಾಹೇಬರು ಬಂದರೂ ನಾವು ಎಬ್ಬಿಸಿ ನಿಲ್ಲಿಸುವುದು ಅವಳನ್ನೇ. ಕೆರೆಗೆ ನೀರು ಕುಡಿಯಲು ಬಂದ ಆನೆಗಳ ಪಾಠ ಕೊಟ್ಟೆ. ನಾನು ಬಾಯಿಗೆ ಒಂದು ದೊಡ್ಡ ಕಲ್ಲುಸಕ್ಕರೆ ಹಾಕಿಕೊಂಡು ಕೂತೆ. ಸಿಂಚನಾ ಬೆರಳಿಟ್ಟುಕೊಂಡು ಗಡಗಡ ಓದಿದಳು. ಒಂದು ಕಡೆಯೂ ತಡವರಿಸಲಿಲ್ಲ. ಪಾಠದ ಪುಟದ ಫೋಟೋ ಜೊತೆ ರೆಕಾರ್ಡಿಂಗ್ ಕಳಿಸಿದೆ. ಕಳಿಸುವ ಮೊದಲು ಮೂರು ಸಲ ಕೇಳಿ ಹೆಮ್ಮೆಪಟ್ಟಿದ್ದೆ ಬೇರೆ.

ಉತ್ತರ ಬಂತು. ‘ಮಗು ಸರಾಗವಾಗಿ ಹೇಳಿದ್ದಾಳೆ. ಆದರೆ ನಾಲ್ಕು ಕಡೆ “ಆಯ್ತಾ?” ಅಂತ ಬರುತ್ತದೆ. ಪಾಠದಲ್ಲಿ ಆ ಪದ ಎಲ್ಲಿದೆ ಮೇಡಂ?’

ಮತ್ತೆ ಕೇಳಿದೆ. ಈ ಸಲ ಕೇಳಿಸಿತು. “ಕೆರೆಯ ನೀರು ತಿಳಿಯಾಗಿತ್ತು, ಆಯ್ತಾ? ಆನೆಗಳು ಒಂದೊಂದಾಗಿ ಬಂದವು, ಆಯ್ತಾ?” ಮೂರು ಸಲ ಕೇಳಿದರೂ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ. ಹೇಗೆ ಬೀಳುತ್ತದೆ? ಆ ‘ಆಯ್ತಾ?’ ನನ್ನದು. ದಿನಕ್ಕೆ ನೂರು ಸಲ ನಾನು ಹೇಳುವುದು.

ಮರುದಿನ ಸಿಂಚನಾಳನ್ನು ಕರೆದು ಅದೇ ಪುಟ ತೆಗೆದೆ. “ಇದ್ರಲ್ಲಿ ಸೊಂಡಿಲು ಅಂತ ಎಲ್ಲಿದೆ, ತೋರ್ಸು ಪುಟ್ಟಿ.”

ಮಗು ಪುಟ ನೋಡಿತು, ನನ್ನ ಮುಖ ನೋಡಿತು. “ಮಿಸ್, ಮೊದ್ಲಿಂದ ಏಳ್ಕೊಂಡ್ ಬರ್ಲಾ?”

ಹೂಂ ಅಂದೆ. ಮೊದಲ ಸಾಲಿನಿಂದ ಹೇಳಿಕೊಂಡು ಬಂದಳು. ಬಾಯಿ ಸೊಂಡಿಲಿಗೆ ಬಂದಾಗ ಬೆರಳು ಎರಡು ಸಾಲು ಕೆಳಗೆ ಹೋಗಿಬಿಟ್ಟಿತ್ತು.

“ಇದನ್ನ ಯಾರು ಹೇಳ್ಕೊಟ್ರು?”

“ನಮ್ಮವ್ವ. ನೀವು ಗ್ರೂಪ್‌ಗೆ ಆಡಿಯೋ ಆಕ್ತೀರಲ್ಲ ಮಿಸ್, ಅದ ನಮ್ಮವ್ವ ಹೂ ಕುಯ್ಯೋವಾಗ ಆಕ್ತದೆ. ಇಬ್ರೂವೆ ಕಲ್ತ್ಕತೀವಿ.”

“ಇಬ್ರೂವೆ?”

“ಊಂ. ನಮ್ಮವ್ವಂಗೆ ನನ್ಗಿಂತ ಬಿರ್ನೆ ಬತ್ತದೆ.”

ಮನೆಯಲ್ಲಿ ಕೇಳಲಿ ಎಂದು ನಾನೇ ಪಾಠಗಳನ್ನು ಓದಿ ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. (ಅದಕ್ಕಾಗಿ ಹೆಬ್ಬೆರಳುಗಳೂ ಬರುತ್ತವೆ. ಖುಷಿಯೂ ಆಗುತ್ತದೆ.) ಆ ಹೆಬ್ಬೆರಳುಗಳಲ್ಲಿ ಯಾವತ್ತೂ ಮೊದಲನೆಯದು ಸಿಂಚನಾಳ ಅಮ್ಮ ಮಹದೇವಿಯದು.

ಮಹದೇವಿ ಯಾರು ಅಂತ ಹೇಳಬೇಕು. ನಾನು ಮೊದಲು ಕೆಲಸಕ್ಕೆ ಸೇರಿದ್ದು ಇದೇ ಶಾಲೆಗೆ. ಆಮೇಲೆ ವರ್ಗವಾಗಿ ಊರೂರು ಸುತ್ತಿ, ಹೋದ ವರ್ಷ ಮತ್ತೆ ಇಲ್ಲಿಗೇ ಬಂದೆ. ಆ ಮೊದಲ ಸುತ್ತಿನಲ್ಲಿ ಮಹದೇವಿ ನನ್ನ ನಾಲ್ಕನೇ ಕ್ಲಾಸಿನ ಲೀಡರ್. ಒಂಬತ್ತು ವರ್ಷದ ಹುಡುಗಿ, ಎರಡು ಜಡೆ, ಗಂಟೆಯಂಥ ಗಂಟಲು. ಮುಂದೆ ನಿಂತು ಅವಳು ಒಂದು ಸಾಲು ಹೇಳಬೇಕು, ಉಳಿದವರು ಒಟ್ಟಿಗೆ ಅದನ್ನೇ ಹೇಳಬೇಕು. ನಮ್ಮ ಕಡೆ ಶಾಲೆಗಳಲ್ಲಿ ಓದಿಸುವುದು ಅಂದರೆ ಇದೇ. ಒಂದೇ ರೂಮಿನಲ್ಲಿ ಎರಡು ಕ್ಲಾಸು ನಡೆಸುತ್ತಿದ್ದ ನನಗೆ ಮಹದೇವಿ ದೇವರು ಕೊಟ್ಟ ವರ. ಅವಳು ಓದಿಸುತ್ತಿದ್ದರೆ ನಾನು ಇನ್ನೊಂದು ಕ್ಲಾಸಿಗೆ ಲೆಕ್ಕ ಹಾಕಿಸಬಹುದು, ಹಾಜರಿ ಬರೆಯಬಹುದು. ರಸ್ತೆಯಲ್ಲಿ ಹೋಗುವವರು ನಿಂತು “ಒಸ ಮೇಡಮ್ಮು ಚೆನ್ನಾಗಿ ಓದುಸ್ತಾರೆ ಕಣ್ಲಾ” ಅನ್ನುತ್ತಿದ್ದರು. ಆ ಮಾತು ಕೇಳಿ ನಾನು ಹಿಗ್ಗಿದ್ದು ಸುಳ್ಳಲ್ಲ.

ಅದೇ ಊರಿನ ಸೋದರತ್ತೆ ಮಗನನ್ನು ಮದುವೆಯಾಗಿ ಮಹದೇವಿ ಅಲ್ಲೇ ಉಳಿದಿದ್ದಾಳೆ. ಚೆಂಡು ಹೂವಿನ ಹೊಲದಲ್ಲಿ ಕೆಲಸ. ಹೇಳಿಕಳಿಸಿದ್ದಕ್ಕೆ ಮಧ್ಯಾಹ್ನ ಬಂದಳು. ಹಳದಿ ಹತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತಳು. ಕುರ್ಚಿ ಕೊಟ್ಟರೆ ಬೇಡ ಅಂದು ಬೆಂಚಿನ ತುದಿಯಲ್ಲಿ ಕೂತಳು.

“ಮಾದೇವಿ, ನಿನ್ ಮಗ್ಳು ಓದ್ತಿಲ್ಲ ಕಣಮ್ಮ, ಬಾಯಿಪಾಠ ಒಪ್ಪಿಸ್ತಿದಾಳೆ,” ಅಂದೆ. “ನೀನೇ ಪುಸ್ತಕ ತೋರ್ಸಿ ಓದಿಸಬಾರ್ದಾ? ನಿನ್ನಷ್ಟು ಚೆನ್ನಾಗಿ ಓದೋರು ನನ್ ಕ್ಲಾಸಲ್ಲೇ ಇರ್ಲಿಲ್ಲ.”

ಅವಳು ತನ್ನ ಬೆರಳುಗಳನ್ನೇ ನೋಡಿಕೊಂಡಳು. “ನಾನೂ ಓದ್ತಿರ್ನಿಲ್ಲ ಮಿಸ್.”

“ಏನಂದೆ?”

“ನಮ್ಮಣ್ಣ ಸಾಯಂಕಾಲ ನನ್ ಪುಸ್ತಕ ತಗ್ದು ಜೋರಾಗಿ ಓದ್ತಿತ್ತು. ಎರ್ಡ್ ಸಲ ಕೇಳುದ್ರೆ ನಂಗೆ ಬಂದ್ಬುಡೋದು. ನೀವು ಮುಂದಕ್ಕೆ ಕರ್ದು ನಿಲ್ಲುಸ್ಬುಟ್ರಿ, ನಾ ಏಳ್ಬುಟ್ಟೆ. ಆಮೇಕೆ ಓದಕ್ಕೆ ಬರಾಕಿಲ್ಲ ಅನ್ನಕ್ಕೆ ನಾಚ್ಕೆ ಆಗೋಯ್ತು. ಲೀಡ್ರು ಅಲ್ವಾ ನಾನು?”

ಅಂದವಳು ಎದ್ದು ನಿಂತು, ಕೈ ಹಿಂದೆ ಕಟ್ಟಿಕೊಂಡು, ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಪಾಠವನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ‘ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ’ ಎಂಬುದನ್ನೂ ಬಿಡಲಿಲ್ಲ. ಅದೇ ಗಂಟಲು.

“ಅಕ್ಷರ ಗೊತ್ತು ಮಿಸ್, ಒಂದೊಂದೇ ಆದ್ರೆ. ಎಲ್ಲಾ ಸೇರ್ಕೊಂಡ್ರೆ ಓಡೋಗ್ಬುಡ್ತವೆ. ಐಸ್ಕೂಲಲ್ಲಿ ಒಸ ಮೇಷ್ಟ್ರು ಯಾವ್ದೋ ಪುಟ ತಗ್ದು ಓದು ಅಂದ್ರು. ಮಾರನೇ ದಿನ್ದಿಂದ ನಾ ಓಗ್ನೇ ಇಲ್ಲ.”

ಹೂವಿನ ಕೆಲಸಕ್ಕೆ ಅಂತ ಶಾಲೆ ಬಿಟ್ಟಳು ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಎಷ್ಟೋ ಸಲ ಹಾಗಂತ ಬೇಜಾರು ಮಾಡಿಕೊಂಡಿದ್ದೆ. ಅವಳಿಗೆ ಓದು ಬರುತ್ತಿರಲಿಲ್ಲ ಎಂಬುದು ನನಗೆ ಯಾಕೆ ಗೊತ್ತಾಗಲಿಲ್ಲ? ಗೊತ್ತಾಗದೇ ಇರುವುದೇ ನನಗೆ ಅನುಕೂಲವಾಗಿತ್ತು, ಅದಕ್ಕೆ. ಬೇರೆ ಸಬೂಬು ನನ್ನ ಹತ್ತಿರ ಇಲ್ಲ.

ಒಂದು ದಿನ, ಒಂದೇ ಒಂದು ದಿನ, ಆ ಎರಡು ಜಡೆಯ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಧ್ಯದ ಯಾವುದಾದರೂ ಪದಕ್ಕೆ ಬೆರಳಿಟ್ಟು ಕೇಳಿದ್ದರೆ ಸಾಕಿತ್ತು. ಹತ್ತು ನಿಮಿಷದ ಕೆಲಸ. ಮೈಸೂರಿನ ರೈಲು ಈ ಜನ್ಮದಲ್ಲಿ ತಪ್ಪಿಹೋಯಿತು ಎಂದು ನನ್ನೊಳಗೆ ಒಂದು ಕೊರಗು ಇತ್ತಲ್ಲ, ಅದೆಲ್ಲ ಆ ಮಧ್ಯಾಹ್ನ ಸಣ್ಣದಾಗಿಹೋಯಿತು. ರೈಲು ಬೇಡ, ಹಾಸ್ಟೆಲ್ಲೂ ಬೇಡ. ಆ ಹತ್ತು ನಿಮಿಷ ನನಗೆ ವಾಪಸ್ ಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತಿದೆ.

“ಇವ್ಳು ನನ್ನಂಗೆ ಆಗ್ಬುಟ್ರೆ ಮಿಸ್?” ಮಹದೇವಿ ಕೇಳಿದಳು.

“ಆಗಲ್ಲ. ನಾಳೆಯಿಂದ ನನ್ ಪಕ್ಕದಲ್ಲೇ ಕೂರಿಸ್ಕೋತೀನಿ,” ಅಂದೆ. “ಆಡಿಯೋ ಹಾಕೋದೂ ನಿಲ್ಲಿಸ್ತೀನಿ. ನೀನು ಹೇಳು, ನಿಂಗೆ ಏನಾದ್ರೂ ಓದಬೇಕು ಅಂತ ಇದ್ಯಾ?”

ಅವಳು ನಾಚಿಕೊಂಡಳು. “ಇವ್ಳ ನೋಟ್‌ಬುಕ್ಕಲ್ಲಿ ನೀವು ಕೆಂಪ್ನಾಗೆ ಏನೋ ಬರೀತೀರಲ್ಲ ಮಿಸ್, ಅದ ಓದ್ಬೇಕು. ಇವ್ಳ ಕೇಳುದ್ರೆ, ಜಾಣೆ ಅಂತ ಬರ್ದವ್ರೆ ಕಣವ್ವ ಅಂತಾಳೆ. ಯಾವತ್ ಕೇಳುದ್ರೂ ಅದ್ನೇ ಏಳ್ತಾಳೆ.”

ಸಿಂಚನಾಳ ನೋಟ್‌ಬುಕ್ ಮೇಜಿನ ಮೇಲೇ ಇತ್ತು. ತೆರೆದು ಮುಂದಿಟ್ಟೆ. ರೆಕಾರ್ಡ್ ಮಾಡಿಕೊಳ್ಳಲಾ ಅಂತ ಕೇಳಿ ಫೋನ್ ಒತ್ತಿದೆ. ಪಕ್ಕದಲ್ಲಿ ಕೂತೆ.

ಹಳದಿ ಬೆರಳು ಕೆಂಪು ಅಕ್ಷರದ ಕೆಳಗೆ ನಿಂತಿತು. “ಮ…” ನಿಂತಳು. “ನೆ…” ಇನ್ನೂ ನಿಂತಳು. “ಮನೆ. ಮನೆ ಮಿಸ್!” ನಾನು ಮಾತಾಡಲಿಲ್ಲ. “ಯ…” ಆಮೇಲೆ ಒತ್ತಕ್ಷರ. ಬೆರಳು ಅಲ್ಲೇ ಸುತ್ತಾಡಿತು. ಮುಂದಕ್ಕೆ ಹೋಗಿ ವಾಪಸ್ ಬಂತು. ಹೊರಗೆ ಮಕ್ಕಳು ಆಡುತ್ತಿದ್ದವು. ‘ಲ್ಲಿ’ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಈ ಸಲ ಬಾಯಲ್ಲಿ ಕಲ್ಲುಸಕ್ಕರೆಯೂ ಇರಲಿಲ್ಲ. ಆದರೂ ಸುಮ್ಮನಿದ್ದೆ. ಇಪ್ಪತ್ಮೂರು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಪಾಠ ಅದು.

“ಲ್ಲಿ,” ಅಂದಳು ಕೊನೆಗೆ. “ಮನೆಯಲ್ಲಿ. ಓ… ದಿ… ಸಿ. ಓದಿಸಿ.”

ಪೂರ್ತಿ ಇನ್ನೊಂದು ಸಲ, ತನಗೆ ತಾನೇ, ಸಣ್ಣಗೆ ಹೇಳಿಕೊಂಡಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

“ಜಾಣೆ ಅಂತ ಇಲ್ವಲ್ಲ ಮಿಸ್. ಇದು ನಂಗೆ ಬರ್ದಿರಾದಾ?”

ಎಲ್ಲ ಮಕ್ಕಳ ನೋಟ್‌ಬುಕ್ಕಿಗೂ ವಾರಕ್ಕೊಮ್ಮೆ ನಾನು ಅದನ್ನೇ ಗೀಚುತ್ತೇನೆ. ಯಾರಿಗೆ ಬರೆಯುತ್ತಿದ್ದೇನೆ, ಅವರು ಓದುತ್ತಾರಾ ಎಂದು ಯೋಚಿಸಿದವಳೇ ಅಲ್ಲ. ಹೂಂ, ನಿಂಗೇ ಅಂದೆ. ಅವಳು ಹಿಂದಿನ ಪುಟ ತಿರುಗಿಸಿದಳು, ಅದರ ಹಿಂದಿನದು ತಿರುಗಿಸಿದಳು. ಪ್ರತಿ ಕೆಂಪು ಸಾಲಿಗೂ ಬೆರಳಿಟ್ಟು “ಮನೆಯಲ್ಲಿ ಓದಿಸಿ, ಮನೆಯಲ್ಲಿ ಓದಿಸಿ” ಎಂದು ಓದುತ್ತಾ ಹೋದಳು. ಇಷ್ಟು ಕಾಗದ ತನಗೆ ಬಂದಿತ್ತಾ ಎಂಬಂತೆ.

ಈಗ ಮಹದೇವಿ ವಾರದಲ್ಲಿ ಮೂರು ದಿನ ಹೂ ಕೊಯ್ದು ಬಂದು ಬೆಂಚಿನಲ್ಲಿ ಕೂರುತ್ತಾಳೆ. ಆ ಕಡೆ ಮಗಳು, ಈ ಕಡೆ ಅಮ್ಮ, ಮಧ್ಯೆ ಬಾಯಿ ಮುಚ್ಚಿಕೊಂಡ ನಾನು. ಮಗಳಿಗೆ ಬೇಗ ಬರುತ್ತಿದೆ. ಅಮ್ಮನಿಗೆ ನಿಧಾನ. “ವಸಿ ತಡೀ ಕಣಮ್ಮಿ, ನಾನೇ ಓದ್ತೀನಿ” ಎಂದು ಮಗಳ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ಅಸೈನ್‌ಮೆಂಟಿಗೆ ಮಹದೇವಿಯ ರೆಕಾರ್ಡಿಂಗನ್ನೇ ಕಳಿಸೋಣ ಎಂದು ನಿನ್ನೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕೂತು ಪೋರ್ಟಲ್ ತೆರೆದೆ. ಹೆಸರು ತುಂಬಿದೆ. ಊರು ತುಂಬಿದೆ. ‘ಓದಿದ ಮಗುವಿನ ವಯಸ್ಸು’ ಎಂಬಲ್ಲಿಗೆ ಬಂದು ನಿಂತೆ. ಅಲ್ಲಿ ಬರೆಯುವ ಹಾಗಿಲ್ಲ, ಪಟ್ಟಿಯಿಂದ ಆರಿಸಿ ಒತ್ತಬೇಕು. ಪಟ್ಟಿ ಆರಕ್ಕೆ ಶುರುವಾಗಿ ಹದಿನಾಲ್ಕಕ್ಕೆ ಮುಗಿಯುತ್ತದೆ. ಮಹದೇವಿಯ ಮೂವತ್ತೊಂದಕ್ಕೆ ಅಲ್ಲಿ ಜಾಗವಿಲ್ಲ. ಚಾಮರಾಜನಗರದ ಬಸ್ಸು ಬಂದು, ಹಾರ್ನ್ ಹೊಡೆದು, ಹೊರಟೂ ಹೋಯಿತು. ನಾನು ಆ ಎರಡು ಜಡೆಯ ಹುಡುಗಿಯ ಒಂಬತ್ತರ ಮೇಲೆ ಬೆರಳು ಎತ್ತಿಕೊಂಡು ಹಾಗೇ ಕೂತಿದ್ದೆ.

ಒಂಬತ್ತು ಅಂತ ಒತ್ತಿದರೆ ಸುಳ್ಳಾಗುತ್ತದಾ, ನೀವೇ ಹೇಳಿ?