ಮುಟ್ಟದೆ ಸಾಕಿದ ನಾಯಿ

ಸುರಪುರದ ನಮ್ಮ ಮನೆಯಲ್ಲಿ ಒಂಬತ್ತು ವರ್ಷದಿಂದ ಒಂದು ಹೆಣ್ಣುನಾಯಿ ಇದೆ. ಮನೆಯಲ್ಲಿ ಎಂದರೆ ಅಂಗಳದಲ್ಲಿ. ಕಟ್ಟೆ ಹತ್ತಲು ಅದಕ್ಕೆ ಅಪ್ಪಣೆಯಿಲ್ಲ. ದಿನದ ಎರಡು ರೊಟ್ಟಿ ತಪ್ಪಿಸಿದವರಲ್ಲ ನಾವು, ಆದರೆ ಆ ರೊಟ್ಟಿ ದೂರದಿಂದಲೇ ಬೀಳುತ್ತಿತ್ತು. ನಾಯಿ ಮುಟ್ಟಿ ಬಂದವರನ್ನು ಅವ್ವ ಮೊದಲು ಬಚ್ಚಲಿಗೆ ಅಟ್ಟುತ್ತಿದ್ದಳು. ನಾನು ಶಾಲೆಯಲ್ಲಿ ಮಕ್ಕಳಿಗೆ ಪ್ರಾಣಿದಯೆಯ ಪಾಠ ಹೇಳುವ ಮಾಸ್ತರ. ಮನೆಗೆ ಬಂದರೆ ನಾನೂ ಅದನ್ನು ಕಾಲಿನಿಂದಲೇ ಸರಿಸುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಅದು ಚರಂಡಿಯಲ್ಲಿ ಸಿಕ್ಕಿಬಿತ್ತು. ಎತ್ತಲು ಕೈ ಹಾಕಿದಾಗ ಪಕ್ಕೆಯ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಗಂಟೊಂದು ಕೈಗೆ ಹತ್ತಿತು.

ಎದುರುಮನೆಯ ಮುದುಕ ಬಂದು ನೋಡಿದ. ಅವನ ಆಕಳು ಚರ್ಮಗಂಟು ರೋಗದಲ್ಲಿ ಸತ್ತಿತ್ತು. "ಮಾಸ್ತರ, ಇದು ಅದೇ ಬ್ಯಾನಿ ಅದ. ಕಬ್ಬಿಣ ಕಾಸಿ ಬರಿ ಹಾಕ್ರಿ, ಇಲ್ಲಾಂದ್ರ ಓಣ್ಯಾಗಿನ ದನಕ್ಕೆಲ್ಲ ಹತ್ತತದ" ಅಂದ. ದನದ ಆ ರೋಗ ನಾಯಿಗೆ ಬರುವುದಿಲ್ಲವೆಂಬುದು ನನಗೂ ಗೊತ್ತಿರಲಿಲ್ಲ, ಇಷ್ಟು ಓದಿಯೂ. ಬರೆ ಹಾಕಲು ಮನಸ್ಸಾಗದೆ ಅರಿಶಿನ ಸುಣ್ಣ ಕಲಸಿ ಹಚ್ಚಿದೆ, ಅದೂ ಕಡ್ಡಿಯಿಂದ. ಹೀಗೆ ಇಪ್ಪತ್ತು ದಿನ ಕಳೆದೆ. ಗಂಟು ಇದ್ದ ಹಾಗೇ ಇತ್ತು. ಕೊನೆಗೆ ಆಟೋ ಮಾಡಿಕೊಂಡು ಶಹಾಪುರದ ದನದ ಡಾಕ್ಟರ ಹತ್ತಿರ ಒಯ್ದೆ.

"ಯಾವಾಗಿಂದ ಅದ್ರೀ ಇದು?" ಡಾಕ್ಟರು ಕೇಳಿದರು.

"ಗೊತ್ತಿಲ್ರಿ."

"ಹೋದ ತಿಂಗಳ ಎಷ್ಟಿತ್ತು?"

"ಅದೂ ಗೊತ್ತಿಲ್ರಿ."

"ಮನ್ಯಾಗ ಸಾಕಿದ್ದೋ, ಹಾದ್ಯಾಗ ಸಿಕ್ಕದ್ದೋ?"

"ಒಂಬತ್ತು ವರ್ಷದಿಂದ ನಮ್ಮ ಅಂಗಳದಾಗ ಅದರಿ" ಎಂದೆ. ಅವರು ಗಂಟಿಗೆ ಸೂಜಿ ಚುಚ್ಚಿ, ಬಂದದ್ದನ್ನು ಗಾಜಿನ ಮೇಲೆ ಹಚ್ಚಿ ನೋಡಿದರು. "ಇದು ಬರೇ ಕೊಬ್ಬಿನ ಗಂಟ್ರೀ. ಇದ್ರಿಂದ ಏನೂ ಆಗಂಗಿಲ್ಲ." ಹೋದ ಜೀವ ಬಂದಂತಾಯಿತು. ಆದರೆ ಅವರ ಬೆರಳುಗಳು ಅಷ್ಟಕ್ಕೇ ನಿಲ್ಲದೆ ಹೊಟ್ಟೆಯ ಕೆಳಗೆ ಹೋಗಿ ಮೊಲೆಯ ಪಕ್ಕ ತಡೆದು ನಿಂತವು. ಅಲ್ಲಿ ಕಡಲೆಕಾಳಿನಷ್ಟು ಚಿಕ್ಕ, ಗಟ್ಟಿಯಾದ ಇನ್ನೊಂದು ಗಂಟಿತ್ತು. "ಖರೇ ಅಂಜಬೇಕಾದ್ದು ಇದಕ್ಕರಿ" ಅಂದರು. ನಾನು ಇಪ್ಪತ್ತು ದಿನ ಯಾವುದಕ್ಕೋ ಅರಿಶಿನ ಬಳಿಯುತ್ತ ಕೂತಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಮರುವಾರ ಆ ಚಿಕ್ಕ ಗಂಟನ್ನು ಕೊಯ್ದು ತೆಗೆದರು. ಕ್ಯಾನ್ಸರೇ ಆಗಿತ್ತು. "ಪ್ರತಿ ಐತವಾರ ಮೂಗಿನಿಂದ ಬಾಲದತನಕ ಕೈಯಾಡಿಸಿ ನೋಡ್ರಿ. ಗಂಟು ಎಲ್ಲ್ಯದ, ಎಷ್ಟದ, ಬರ್ದಿಡ್ರಿ. ಏನೂ ಹಚ್ಚಬ್ಯಾಡ್ರಿ, ಹಿಚುಕಬ್ಯಾಡ್ರಿ. ಹೊಸಾದು ಕಂಡ್ರ ತಡಾ ಮಾಡದೆ ತರ್ರಿ" ಎಂದು ಹೇಳಿ ಕಳಿಸಿದರು.

ಮೊದಲ ಭಾನುವಾರ ಕೈ ಚಾಚಿದೆ. ನಾಯಿ ಕಣ್ಣು ಮುಚ್ಚಿ ನೆಲಕ್ಕೆ ಅಂಟಿಕೊಂಡಿತು. ಹೊಡೆಯುತ್ತೇನೆಂದು ತಿಳಿದಿತ್ತು. ಒಂಬತ್ತು ವರ್ಷ ನಮ್ಮ ಬಾಗಿಲು ಕಾದ ಪ್ರಾಣಿಗೆ ನಮ್ಮ ಕೈ ಅಂದರೆ ಅಷ್ಟೇ ಗೊತ್ತಿತ್ತು.

ನಾಲ್ಕನೆಯ ವಾರದ ಹೊತ್ತಿಗೆ ನಾನು ಕುಳಿತರೆ ಸಾಕು, ತಾನಾಗಿ ಬಂದು ಅಂಗಾತ ಮಲಗುತ್ತಿತ್ತು. ಅವ್ವ ಹೊಸ್ತಿಲಲ್ಲಿ ನಿಂತು ನೋಡುವಳು, ಬಚ್ಚಲಿನ ಮಾತು ತೆಗೆಯಳು.

ಆರನೆಯ ಭಾನುವಾರ ಮುಂಗಾಲಿನ ಸಂದಿಯಲ್ಲಿ ಜೋಳದ ಕಾಳಿನಂಥದ್ದು ಬೆರಳಿಗೆ ತಾಗಿತು. ಉಣ್ಣೆಹುಳ ಇರಲಿ ದೇವರೇ ಎಂದು ಕೂದಲು ಸರಿಸಿ ನೋಡಿದೆ. ಉಣ್ಣೆಯಲ್ಲ. ಅದು ಚರ್ಮದ ಒಳಗಿತ್ತು.

"ಏನರ ಸಿಕ್ತೇನೋ?" ಅವ್ವ ಕೇಳಿದಳು.

"ಏನಿಲ್ಲವ್ವ" ಎಂದು ಸುಳ್ಳು ಹೇಳಿದೆ. ಬೆಳಗಾದರೆ ಶಹಾಪುರಕ್ಕೆ ಒಯ್ಯಬೇಕಿತ್ತು. ಕಣ್ಣು ತುಂಬಿ ಕೈ ತೆಗೆಯಹೋದೆ. ನಾಯಿ ಮುಂಗಾಲಿನಿಂದ ನನ್ನ ಕೈಯನ್ನು ಎಳೆದು ಮತ್ತೆ ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಿತು.