ಕಹಿ ಇಲ್ಲದ ಸಮುದ್ರ

ನಮ್ಮ ಮನೆಯ ದೇವರ ಜಗಲಿಯ ಎಡಮೂಲೆಯಲ್ಲಿ ಗೇಣೆತ್ತರದ ಒಂದು ತಾಮ್ರದ ಗಿಂಡಿ ಇದೆ. ಹೊಟ್ಟೆಗೊಂದು ನೆಗ್ಗು, ಕುತ್ತಿಗೆಗೆ ಹಳೆಯ ದಾರದ ಗುರುತು. ಹುಣಸೆಹಣ್ಣು ಹಚ್ಚಿ ತಿಕ್ಕಿದ ದಿನ ಮದುಮಗಳಂತೆ ಹೊಳೆದು, ನಾಲ್ಕು ದಿನಕ್ಕೆ ಮತ್ತೆ ಮಂಕಾಗುವ ಇಂಥ ಗಿಂಡಿ ನಿಮ್ಮ ಮನೆಯಲ್ಲೂ ಇದ್ದೀತು. ಆದರೆ ನಿಮ್ಮ ಗಿಂಡಿ ಸುಳ್ಳು ಹೇಳಿರಲಿಕ್ಕಿಲ್ಲ. ನಮ್ಮದು ಐವತ್ತು ವರ್ಷ ಹೇಳಿತು. ಹೇಳಿಸಿದವನು ನಾನು.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಾನೂ ನನ್ನ ಗೆಳೆಯ ಫಕೀರಪ್ಪನೂ ಯರಗುಪ್ಪಿಯಿಂದ ಗೋಕರ್ಣದವರೆಗೆ ನಡೆದುಕೊಂಡೇ ಹೋಗಿ ಸಮುದ್ರ ನೋಡಿ ಬರಬೇಕೆಂದು ಹೊರಟೆವು. ಹರಕೆ ಇರಲಿಲ್ಲ, ಕೆಲಸ ಇರಲಿಲ್ಲ. ನಮ್ಮ ಓಣಿಯಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ, ಅಷ್ಟೇ ಸಾಕಾಗಿತ್ತು. ಅವ್ವ ಎರಡು ದಿನ ಕೂತು ಕಟಕ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ ಬುತ್ತಿ ಕಟ್ಟಿದಳು. ಕೊನೆಗೆ ಈ ಗಿಂಡಿಯನ್ನು ನನ್ನ ಕೈಗಿಟ್ಟು ಹೇಳಿದಳು: "ಸಮುದ್ರದ್ದ ಒಂದ ಗಿಂಡಿ ನೀರ ತಂದಬಿಡಪಾ. ನಾ ಹೋಗಿ ನೋಡೂದಂತೂ ಅಷ್ಟರಾಗ ಐತಿ."

ಹುಬ್ಬಳ್ಳಿ ದಾಟಿ ಕಲಘಟಗಿಯವರೆಗೆ ನನ್ನಷ್ಟು ಧೈರ್ಯವಂತ ಯಾರೂ ಇರಲಿಲ್ಲ. ಮುಂದೆ ಕಾಡು ಸುರುವಾಯಿತು. ಎರೆಭೂಮಿಯಲ್ಲಿ ಹುಟ್ಟಿದವನ ಕಣ್ಣಿಗೆ ಒಂದು ರೂಢಿ ಇರುತ್ತದೆ ನೋಡಿರಿ: ಹೊಲದ ಬದುವಿನ ಮೇಲೆ ನಿಂತರೆ ಮುಂದಿನೂರಿನ ಗುಡಿಯ ಶಿಖರ ಕಾಣಬೇಕು, ಎದುರಿಗೆ ಬರುವವನು ಯಾರ ಮಗನೆಂಬುದು ಅವನ ನಡಿಗೆಯಿಂದಲೇ ತಿಳಿಯಬೇಕು, ಆಕಾಶ ನೆಲಕ್ಕೆ ಮುಟ್ಟುವ ತನಕ ನಡುವೆ ಏನೂ ಅಡ್ಡ ಇರಬಾರದು. ಅಲ್ಲಿ ಹತ್ತು ಹೆಜ್ಜೆಗೊಂದು ತಿರುವು. ತಿರುವಿನಾಚೆ ಏನಿದೆಯೋ ಗೊತ್ತಿಲ್ಲ. ಹಾಡಹಗಲು ಹನ್ನೆರಡಕ್ಕೆ, ಹಕ್ಕಿ ಕೂಗುವ ಹೊತ್ತಿನಲ್ಲಿ, ನಾನು ಅಂಜಿ ದಾರಿಯ ನಡುವೆಯೇ ನಿಂತುಬಿಟ್ಟೆ. ಫಕೀರಪ್ಪ ತಿರುಗಿ ನೋಡಿ, "ಯಾಕಲೇ, ಕಾಲ ನೋಯಾಕತ್ತಾವೇನು?" ಅಂದ. ಹೂಂ ಅಂದೆ. ಅದು ಮೊದಲ ಸುಳ್ಳು. ನೀನು ಹೋಗಿ ಬಾ, ನಾನು ಕಲಘಟಗಿಯಲ್ಲಿ ಕಾಯುತ್ತೇನೆ ಎಂದು ಅವನನ್ನು ಒಬ್ಬನನ್ನೇ ಮುಂದೆ ಕಳಿಸಿ ಹೊಳ್ಳಿ ಬಂದೆ.

ಕಲಘಟಗಿಯಲ್ಲಿ ತೊಟ್ಟಿಲು ಮಾಡುವ ಮುದುಕನೊಬ್ಬ ತನ್ನ ಕಟ್ಟೆಯ ಮೇಲೆ ಎಂಟು ದಿನ ಇರಗೊಟ್ಟ. ಸುಮ್ಮನೆ ಕೂಡಬೇಡವೆಂದು ಬಣ್ಣ ಬಳಿಯುವ ಮುಂಚಿನ ಕಟ್ಟಿಗೆಯನ್ನು ಪಾಲೀಸ್ ಕಾಗದದಿಂದ ತಿಕ್ಕಲು ಕೊಟ್ಟ. ತಿಕ್ಕಿ ಮುಗಿಸಿದರೆ ಆತ ಕೈ ಆಡಿಸಿ ನೋಡುತ್ತಿರಲಿಲ್ಲ. ಬಗ್ಗಿ ತನ್ನ ಗಲ್ಲವನ್ನು ಕಟ್ಟಿಗೆಗೆ ಹಚ್ಚುತ್ತಿದ್ದ. ಕೈಗೆ ನುಣುಪೆನಿಸಿದ್ದು ಕೂಸಿನ ಗಲ್ಲಕ್ಕೆ ನುಣುಪಲ್ಲವಂತೆ. ಸಾಲಿಯಲ್ಲಿ ಒಂದು ತಾಸು ನೆಟ್ಟಗೆ ಕೂಡದ ನಾನು ಅಲ್ಲಿ ಹೊತ್ತು ಹೋದದ್ದು ತಿಳಿಯದಂತೆ ಕೂತೆ. ಏಳನೆಯ ದಿನ ಆತ ನನ್ನ ಕಟ್ಟಿಗೆಗೆ ಗಲ್ಲ ಹಚ್ಚಿ, ಏನೂ ಅನ್ನದೆ ಬಣ್ಣದವನ ಕಡೆಗೆ ಸರಿಸಿದ. ಅಂಥ ಸಂತೋಷ ನನಗೆ ಮುಂದೆ ನೌಕರಿಯಲ್ಲೂ ಸಿಗಲಿಲ್ಲ.

ಹರೆಯದಲ್ಲಿ ಊರು ಬಿಟ್ಟು ತಿರುಗಿದರೆ ನಾವು ಯಾರೆಂದು ತಿಳಿಯುತ್ತದೆ ಅನ್ನುತ್ತಾರೆ. ನನಗೂ ತಿಳಿಯಿತು. ನಾನು ಅಂಜುಬುರುಕ, ಮತ್ತು ನನ್ನ ಕೈಗೆ ತಾಳ್ಮೆ ಇದೆ. ಎರಡನ್ನೂ ಹೊತ್ತುಕೊಂಡು ಮನೆಗೆ ಬಂದಿದ್ದರೆ ಆ ಪ್ರಯಾಣ ಪೂರ್ತಿಯಾಗುತ್ತಿತ್ತು. ಮೊದಲನೆಯದನ್ನು ಮುಚ್ಚಲು ಹೋಗಿ ಎರಡನೆಯದನ್ನೂ ಕಲಘಟಗಿಯಲ್ಲೇ ಬಿಟ್ಟು ಬಂದೆ. ಸಮುದ್ರಕ್ಕೆ ಹೋದವನು ತೊಟ್ಟಿಲು ತಿಕ್ಕಿದ ಸುಖವನ್ನು ಯಾವ ಬಾಯಿಂದ ಹೇಳಬೇಕು?

ಎಂಟನೆಯ ದಿನ ಮುಂಜಾನೆ ಕೆರೆಗೆ ಹೋಗಿ ಗಿಂಡಿ ತುಂಬಿ, ಒಂದು ಹಿಡಿ ಉಪ್ಪು ಹಾಕಿ ಕಲಕಿ, ಬಾಯಿಗೆ ಅರಿವೆ ಕಟ್ಟಿಟ್ಟೆ. ಮಧ್ಯಾಹ್ನದ ಬಸ್ಸಿಗೆ ಫಕೀರಪ್ಪ ಬಂದ. ಮುಖ ಕರ್ರಗೆ ಸುಟ್ಟಿತ್ತು, ತುಟಿ ಸುಲಿದಿತ್ತು, ಕೈಯಲ್ಲಿ ಗಾಜಿನ ಬಾಟಲಿ ತುಂಬ ನೀರು. ಕೂಡುವ ಮುಂಚೆಯೇ, "ನಿಮ್ಮವ್ವ ಕೇಳಿದ್ಲಲ್ಲ, ಅರ್ಧಾ ತಗೋಲೇ" ಎಂದು ಬಾಟಲಿಯನ್ನು ಮುಂದೆ ಚಾಚಿದ. ನಾನು ಅಂದೆ: "ಬ್ಯಾಡ. ನಂದು ತುಂಬೇತಿ." ಅವನು ಗಿಂಡಿಯನ್ನೂ ನನ್ನನ್ನೂ ನೋಡಿ ಬಾಟಲಿ ಹಿಂದಕ್ಕೆ ತೆಗೆದುಕೊಂಡ. ಇಷ್ಟು ವರ್ಷಗಳಲ್ಲಿ ನಾನು ಆಡಿದ ಮಾತುಗಳಲ್ಲಿ ಒಂದನ್ನು ಮರಳಿ ನುಂಗಲು ಬರುವಂತಿದ್ದರೆ ಆ ಮೂರು ಶಬ್ದಗಳನ್ನೇ ನುಂಗುತ್ತಿದ್ದೆ.

ಅವ್ವ ಗಿಂಡಿಯನ್ನು ಕಣ್ಣಿಗೊತ್ತಿಕೊಂಡು ಜಗಲಿಯ ಮೇಲಿಟ್ಟಳು. ಬಂದವರಿಗೆಲ್ಲ ಅಂಗೈಗೆ ಒಂದೊಂದು ಹನಿ. ಫಕೀರಪ್ಪನಿಗೂ ಹಾಕಿದಳು. ಅವನು ನೆಕ್ಕಿ, ಸ್ವಲ್ಪ ತಡೆದು, ಹೌದವ್ವಾ, ಸಮುದ್ರದ್ದೇ ಅಂದ. ಹೆಂಗೈತೋ ಸಮುದ್ರ ಎಂದು ಅವ್ವ ಕೇಳಿದಳು. ಹಿಂಗಾರಿನ ಜೋಳ ಎದೆಯೆತ್ತರ ಬೆಳೆದಾಗ ಗಾಳಿ ಬೀಸಿದರೆ ನಮ್ಮ ಹೊಲ ಹೇಗೆ ಕಾಣುತ್ತದೋ ಹಾಗೆಯೇ ಅಂದೆ. ಅವ್ವನ ಮುಖ ಅರಳಿತು. "ಹಂಗಾದ್ರ ನಾನೂ ನೋಡೇನಿ ಬಿಡು."

ಮುಂದೆ ಹತ್ತು ವರ್ಷಕ್ಕೆ ಓಣಿಯ ಹೆಂಗಸರು ಕೂಡಿ ಗಾಡಿ ಗೊತ್ತುಮಾಡಿ ಗೋಕರ್ಣಕ್ಕೆ ಹೊರಟರು. ಅವ್ವನಿಗೂ ಒಂದು ಜಾಗ ಹಿಡಿದಿದ್ದರು. ಪಡಸಾಲೆಯಲ್ಲಿ ನನ್ನೆದುರಿಗೇ ಅವ್ವ ನಕ್ಕು, "ನನ್ನ ಮಗ ಸಮುದ್ರಾನ ಮನಿಗೆ ತಂದಾನ. ನಾ ಯಾಕ ಬರಲ್ರಿ? ನನ್ನ ಜಾಗಾ ಯಾರರ ತಗೋರಿ" ಅಂದಳು. ನಾನು ಶೇಂಗಾ ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ. ಗಾಡಿ ಹೋಯಿತು, ಬಂತು. ಗಿಂಡಿಯ ನೀರು ಇಳಿದಂತೆಲ್ಲ ಅವ್ವ ಬಾವಿಯ ನೀರು ಬೆರೆಸುವಳು; ಒಂದು ಹನಿ ಸಮುದ್ರವಿದ್ದರೆ ಉಳಿದದ್ದೂ ಸಮುದ್ರವೇ ಎಂಬ ನಂಬಿಕೆ. ಆ ಒಂದು ಹನಿಯೇ ಅದರಲ್ಲಿರಲಿಲ್ಲ. ತನ್ನ ಕೊನೆಯ ದಿನ ಅದರಲ್ಲೇ ಒಂದು ಚಮಚ ಬೇಡಿದಳು. ನಾನೇ ಹಾಕಿದೆ.

ಇದನ್ನೆಲ್ಲ ಈಗ ಹೇಳುವುದಕ್ಕೆ ಮೊಮ್ಮಗಳು ಅಕ್ಷತಾ ಕಾರಣ. ಕಾಲೇಜಿಗೆ ಹೋಗುವ ಹುಡುಗಿ. ಇಬ್ಬರು ಗೆಳತಿಯರ ಜೊತೆ ನಾಲ್ಕು ದಿನ ಗೋಕರ್ಣಕ್ಕೆ ಹೋಗುತ್ತೇನೆಂದು ಹಟ ಹಿಡಿದಳು. ದೊಡ್ಡವರಿಲ್ಲದೆ ಹೆಣ್ಣುಹುಡುಗರು ಹೋಗುವುದು ಬೇಡವೆಂದು ನನ್ನ ಮಗ. ಅವಳು ನನ್ನ ಕಡೆಗೆ ಬೆರಳು ಮಾಡಿ, "ಅಜ್ಜ ನನಗಿಂತ ಸಣ್ಣಾವ ಇದ್ದಾಗ ನಡಕೊಂಡ ಹೋಗಿ ಬಂದಿಲ್ಲೇನು?" ಅಂದಳು. ಎಲ್ಲರೂ ನನ್ನನ್ನು ನೋಡಿದರು. ಹೂಂ ಅಂದರೆ ಅವಳ ದಾರಿ ಸಲೀಸು. ನಿಜ ಹೇಳಿದರೆ ಅವಳ ಒಬ್ಬನೇ ಸಾಕ್ಷಿದಾರ ಸುಳ್ಳುಗಾರನೆಂದು ಆಗುತ್ತದೆ. ಆದರೂ ಇನ್ನೊಬ್ಬ ಹೆಂಗಸಿನ ಸಮುದ್ರಕ್ಕೆ ಇದೇ ಸುಳ್ಳನ್ನು ಬುತ್ತಿ ಕಟ್ಟಿಕೊಡಲು ಮನಸ್ಸು ಬರಲಿಲ್ಲ.

"ನಾ ಸಮುದ್ರಾ ನೋಡಿಲ್ಲ" ಅಂದೆ. "ಕಲಘಟಗಿ ದಾಟಿ ಅಂಜಿ ಹೊಳ್ಳಿ ಬಂದೇನಿ. ಅದಕ್ಕ ಆಕಿನ್ನ ಕಳಸ್ರಿ."

ಮಗ ಜಗಲಿಯ ಮೇಲಿನ ಗಿಂಡಿಯ ಕಡೆ ತಿರುಗಿದ. ಅವನನ್ನು ಎತ್ತಿ ಆಡಿಸಿದ ಆಯಿ ಎಂದರೆ ನಮ್ಮವ್ವನೇ. "ಮತ್ತ ಆಯಿ ಬಾಯಿಗೆ ಹಾಕಿದ್ದು?"

"ಕೆರಿ ನೀರು. ಉಪ್ಪು ನಾ ಹಾಕಿದ್ದು."

ಅವನು ಎದ್ದು ಹೊಲಕ್ಕೆ ಹೋದ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಹುಡುಗಿಗೆ ಬುತ್ತಿ ಬೇಕಲ್ಲ, ರೊಟ್ಟಿ ಬಡೀರಿ ಅಂದದ್ದು ಕೇಳಿಸಿತು. ನನ್ನ ಕಡೆ ನೋಡಲಿಲ್ಲ.

ಅದೇ ಸಂಜೆ ಫಕೀರಪ್ಪನ ಮನೆಗೆ ಹೋದೆ. ಎಲ್ಲ ಹೇಳಿಬಿಟ್ಟೆನೆಂದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ, "ನಿನ್ನ ನೀರಾಗ ಕಹಿ ಇರಲಿಲ್ಲಲೇ. ಸಮುದ್ರದ ನೀರಿಗೆ ಉಪ್ಪಿನ ಹಿಂದ ಒಂದ ಕಹಿ ಬರತೈತಿ" ಅಂದ. ಹಾಗಾದರೆ ಆವತ್ತೇ ಯಾಕೆ ಹೇಳಲಿಲ್ಲವೆಂದು ಕೇಳಿದೆ. "ನಿಮ್ಮವ್ವನ ಮಾರಿ ನೋಡಿದ್ನಿ" ಅಂದು ಎಲೆ ಬಾಯಿಗಿಟ್ಟುಕೊಂಡ.

ಅಕ್ಷತಾ ಹೊರಡುವಾಗ ಗಿಂಡಿಯನ್ನು ತಾನೇ ಕೇಳಿ ಚೀಲದಲ್ಲಿಟ್ಟುಕೊಂಡಳು. ಎರಡನೆಯ ದಿನ ಫೋನು ಮಾಡಿದಳು. ಅವಳ ಮಾತಿನ ಹಿಂದೆ ಏನೋ ಎಡೆಬಿಡದೆ ಮೊರೆಯುತ್ತಿತ್ತು. ಜೋಳದ ಹೊಲದಂತೆ ಸ್ವಲ್ಪವೂ ಇಲ್ಲವೆಂದು ನಕ್ಕಳು. ತುಂಬಿಕೊಂಡು ಬರಲೇ ಎಂದು ಕೇಳಿದಳು. ಬೇಡ, ಖಾಲಿಯೇ ತಾ ಅಂದೆ. ತುಂಬಿ ತಂದರೆ ನಮ್ಮಲ್ಲಿ ಮತ್ತೆ ಯಾರೋ ಒಬ್ಬರು ಹನಿ ನೆಕ್ಕಿ, ನೋಡಿದಂತಾಯಿತೆಂದು ಕೂತುಬಿಡುತ್ತಾರೆ.

ಗಿಂಡಿ ಖಾಲಿಯೇ ಬಂತು. ಅಲ್ಲಿ ಒಮ್ಮೆ ಅದ್ದಿ ತೊಳೆದಿದ್ದಳಂತೆ. ಬಾಯಿಗೆ ಅರಿವೆ ಕಟ್ಟದೆ ಜಗಲಿಯ ಮೇಲಿಟ್ಟೆ. ನಾಲ್ಕು ದಿನದ ಮೇಲೆ ನೋಡಿದರೆ ಕುತ್ತಿಗೆಯ ಒಳಗೆ ಸುತ್ತಲೂ ಬೆಳ್ಳಗೆ ಒಂದು ಗೆರೆ ಮೂಡಿತ್ತು. ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡೆ. ಮೊದಲು ಉಪ್ಪು. ಬಾಯಿ ಮುಚ್ಚಿ ಕಾಯುತ್ತ ನಿಂತೆ. ಆಮೇಲೆ, ಬಹಳ ಹಿಂದಿನಿಂದ ನಡೆದು ಬಂದಂತೆ, ಕಹಿ ಬಂತು.